ಗೇಜಿನ ಬಿಲ್ಲೆಯ ಮೇಲಿನ ಚರಿತ್ರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಊರು ಯಾವುದೇ ಇರಲಿ, ಏಸಿ ರಿಪೇರಿ ಮಾಡುವವರ ಚೀಲದಲ್ಲಿ ಜೋಡಿ ಗೇಜು ಇರಲೇಬೇಕು. ನೀಲಿಯದು ಕಡಿಮೆ ಒತ್ತಡಕ್ಕೆ, ಕೆಂಪಿನದು ಹೆಚ್ಚಿನದಕ್ಕೆ. ನಡುವಿನ ಹಳದಿ ಪೈಪಿನಿಂದ ಗ್ಯಾಸ್ ತುಂಬುತ್ತಾರೆ.

ಈ ಗೇಜು ಹುಟ್ಟಿದ್ದು ತಂಪಿನ ಕೆಲಸಕ್ಕಲ್ಲ, ಉಗಿಯ ಯುಗದಲ್ಲಿ. 1849ರಲ್ಲಿ ಪ್ಯಾರಿಸ್ಸಿನ ಯೂಜೀನ್ ಬೂರ್ದೋಂ ಇದರ ಪೇಟೆಂಟ್ ಪಡೆದ. ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆಯೊಳಗೆ ಒತ್ತಡ ಏರಿದರೆ ಅದು ನೆಟ್ಟಗಾಗಲು ಹವಣಿಸುತ್ತದೆ. ಆ ಸಣ್ಣ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಮುಳ್ಳಿನ ಗೇಜುಗಳಲ್ಲಿ ಇಂದಿಗೂ ಇದೇ ಉಪಾಯ.

ಬದಲಾದದ್ದು ಬಿಲ್ಲೆಯ ಬರಹ. ಹಳೆಯ ಗೇಜುಗಳಲ್ಲಿ ಒತ್ತಡದ ಅಂಕಿಗಳ ಒಳಗೆ ಆರ್-12, ಆರ್-22, ಆರ್-502 ಎಂಬ ಅನಿಲಗಳ ಉಷ್ಣತೆಯ ವರ್ತುಲಗಳಿರುತ್ತಿದ್ದವು. 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯಲು ಆರ್-12ಕ್ಕೆ ಚದರಂಗುಲಕ್ಕೆ ಸುಮಾರು 38 ಪೌಂಡ್ ಒತ್ತಡ ಬೇಕು, ಆರ್-22ಕ್ಕೆ 70, ಆರ್-410ಎಗೆ 120. ಯಾವ ಅನಿಲವೆಂದು ತಿಳಿಯದೆ ಮುಳ್ಳು ನೋಡಿ ಪ್ರಯೋಜನವಿಲ್ಲ.

ಆರ್-12 ಅನ್ನು 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಶೀತಕವಾಗಿ ಮುಂದಿಟ್ಟಾಗ ಅದು ವರವೆನಿಸಿತ್ತು: ವಿಷವಲ್ಲ, ಉರಿಯುವುದೂ ಇಲ್ಲ. ಇಂಥ ಅನಿಲಗಳು ಓಜೋನ್ ಪದರವನ್ನು ತಿನ್ನುತ್ತವೆಂದು 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ಎಚ್ಚರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. ಹೀಗೆ ಬಿಲ್ಲೆಯ ಒಂದು ವರ್ತುಲ ಅಳಿಯಿತು. ಆರ್-22 ಅನ್ನೂ ಭಾರತ 2030ರೊಳಗೆ ಹಂತಹಂತವಾಗಿ ಕೈಬಿಡಬೇಕಿದೆ.

ಗೇಜಿನ ಮೇಲೆ ಜನರಿಗಿರುವ ನಂಬಿಕೆ ಮಾತ್ರ ಸ್ವಲ್ಪ ಅತಿಯೇ. 'ಗ್ಯಾಸ್ ಎಷ್ಟಿದೆ ನೋಡಪ್ಪಾ' ಎನ್ನುತ್ತೇವೆ. ಅದನ್ನು ಮುಳ್ಳು ಹೇಳಲಾರದು. ಜಗಳೂರಿನ 38 ಡಿಗ್ರಿ ಬಿಸಿಲಲ್ಲಿ ನಿಂತಿರುವ ಆರ್-22 ಯಂತ್ರಕ್ಕೆ ಗೇಜು ಹಚ್ಚಿದರೆ ಮುಳ್ಳು 195ರ ಸುಮಾರಿಗೆ ನಿಲ್ಲುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ಯಂತ್ರ ಓಡುವಾಗ ಎರಡೂ ಮುಳ್ಳುಗಳನ್ನೂ ಪೈಪಿನ ಉಷ್ಣತೆಯನ್ನೂ ಕೂಡಿಸಿ ಓದಬೇಕು. ಸರಿಯಾದ ಅಳತೆಗೆ ಗ್ಯಾಸನ್ನು ತೂಗಿಯೇ ತುಂಬಬೇಕು.

ಪೆಟ್ರೋಲಿನಂತೆ ಈ ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ವರ್ಷವರ್ಷ ತುಂಬಿಸಿಕೊಳ್ಳುವವರು ಹಣ ಕೊಟ್ಟು ಆಕಾಶಕ್ಕೆ ಗ್ಯಾಸ್ ಬಿಡುತ್ತಿದ್ದಾರೆ. ಒಂದು ಕಿಲೋ ಆರ್-22 ಭೂಮಿಯನ್ನು ಬಿಸಿ ಮಾಡುವುದರಲ್ಲಿ 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ಈಗಿನ ಹೊಸ ಏಸಿಗಳಲ್ಲಿ ಆರ್-32 ಬಳಕೆಗೆ ಬಂದಿದೆ. ಅದರ ಬಿಸಿಯೇರಿಸುವ ಶಕ್ತಿ ಆರ್-22ರದಕ್ಕಿಂತ ಅರ್ಧಕ್ಕೂ ಕಡಿಮೆ. ಆದರೆ ಅದಕ್ಕೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವುಂಟು. ಪೈಪು ಬೆಸೆಯಲು ಜ್ವಾಲೆ ಹಚ್ಚುವ ಮೊದಲು ಗ್ಯಾಸನ್ನು ಬೇರೆ ಸಿಲಿಂಡರಿಗೆ ಎಳೆದುಕೊಳ್ಳಬೇಕು.