ನೂರು ವ್ಯಾಟಿನ ಟಿ.ವಿ.

ಭದ್ರಾವತಿಯ ಹಳೇನಗರದ ನಮ್ಮ ಓಣಿಯಲ್ಲಿ ಎಂಬತ್ತರ ದಶಕದಲ್ಲಿ ಟಿ.ವಿ. ಇದ್ದದ್ದು ಎರಡೇ ಮನೆಗಳಲ್ಲಿ. ಜೋರಾಗಿ ಗಾಳಿ ಬೀಸಿದರೆ ಹಂಚಿನ ಮೇಲಿನ ಆಂಟೆನಾ ತಿರುಗಿ ಚಿತ್ರ ಮಾಯವಾಗುತ್ತಿತ್ತು. ಒಬ್ಬ ಹುಡುಗ ಮೇಲೆ ಹತ್ತಬೇಕು, ಇನ್ನೊಬ್ಬ ಕಿಟಕಿಯಲ್ಲಿ ನಿಂತು "ಬಂತು, ಬಂತು... ಹೋಯ್ತು" ಎಂದು ಕೂಗಬೇಕು. ಹತ್ತುವ ಕೆಲಸ ಹೆಚ್ಚಾಗಿ ನನ್ನದೇ. ಆ ಆಂಟೆನಾದ ಮೂಲಕ ನಮ್ಮೊಡನೆ ಮಾತಾಡುತ್ತಿರುವವರು ಯಾರು, ಅವರಿಗೆ ನಾವು ಮಾರುತ್ತರ ಕೊಡಬಹುದೇ ಎಂಬ ಪ್ರಶ್ನೆ ಆಗ ಹೊಳೆದಿರಲಿಲ್ಲ.

ಊರಿಗೆ ಪ್ರಸಾರವೆಂಬುದು ಹೊಸದೇನಾಗಿರಲಿಲ್ಲ. ಭದ್ರಾವತಿಯಲ್ಲಿ 1965ರಲ್ಲೇ ಆಕಾಶವಾಣಿ ಕೇಂದ್ರ ಆರಂಭವಾಗಿತ್ತು. ಅಲ್ಲಿ ಸ್ಟುಡಿಯೋ ಇತ್ತು, ಮೈಕ್ ಇತ್ತು. ಮಲೆನಾಡಿನ ರೈತರು, ಹಾಡುಗಾರರು, ಲೇಖಕರು ಆ ಮೈಕಿನ ಮುಂದೆ ಕುಳಿತು ತಮ್ಮ ಜನರೊಡನೆ ಮಾತಾಡಬಹುದಿತ್ತು. ಟಿ.ವಿ. ಬಂದ ಬಗೆ ಬೇರೆ.

ಭಾರತದಲ್ಲಿ ಟಿ.ವಿ. 1959ರಲ್ಲಿ ದೆಹಲಿಯಲ್ಲಿ ಪ್ರಯೋಗವಾಗಿ ಶುರುವಾಯಿತು. 1975-76ರಲ್ಲಿ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದಾಗ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 1977ರಲ್ಲಿ ಗುಲ್ಬರ್ಗಾದಲ್ಲಿ, 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾಯಿತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ ಚಿತ್ರವೇ ಬದಲಾಯಿತು. 1984ರಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ಸ್ಥಾಪಿಸುತ್ತಿದ್ದೇವೆಂದು ಸರ್ಕಾರ ಹೆಮ್ಮೆಪಟ್ಟ ಕಾಲವೊಂದಿತ್ತು. ಶಿವಮೊಗ್ಗದಂಥ ಜಿಲ್ಲಾ ಕೇಂದ್ರಗಳಿಗೆ ಟಿ.ವಿ. ತಲುಪಿದ್ದು ಈ ಅಲೆಯಲ್ಲಿ.

ಇವುಗಳ ಹೆಸರು ಅಲ್ಪಶಕ್ತಿ ಟ್ರಾನ್ಸ್‌ಮಿಟರ್. ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಅಂದರೆ ಆಗ ನಮ್ಮ ನಡುಮನೆಯಲ್ಲಿ ಉರಿಯುತ್ತಿದ್ದ ಒಂದು ದೊಡ್ಡ ಬಲ್ಬಿನಷ್ಟು. ಕೆಲಸ ಸರಳ. ದೆಹಲಿಯಿಂದ ಹೊರಟ ಕಾರ್ಯಕ್ರಮ ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ಹೋಗಿ ಕೆಳಗಿಳಿಯುತ್ತದೆ. ಕೇಂದ್ರದ ಅಂಗಳದ ದೊಡ್ಡ ಡಿಶ್ ಅದನ್ನು ಹಿಡಿಯುತ್ತದೆ. ಒಳಗಿನ ಯಂತ್ರ ಅದನ್ನು ಬೇರೆ ತರಂಗಕ್ಕೆ ಹಾಕಿ ಗೋಪುರದಿಂದ ಸುತ್ತಲೂ ಬಿಡುತ್ತದೆ. ತಲುಪುವುದು 15ರಿಂದ 25 ಕಿ.ಮೀ., ಅದೂ ಗುಡ್ಡ ಅಡ್ಡ ಬರದಿದ್ದರೆ. ಶಿವಮೊಗ್ಗಕ್ಕೂ ಭದ್ರಾವತಿಗೂ ಇರುವ ದೂರವೇ ಹೆಚ್ಚುಕಡಿಮೆ ಅಷ್ಟು. ಎತ್ತರದ ಕಂಬ, ಬೂಸ್ಟರ್, ಹುಡುಗರು ಹಂಚು ಹತ್ತುವ ಸಾಹಸ, ಎಲ್ಲವೂ ಇದರಿಂದಲೇ. ಇಂಥ ಕೇಂದ್ರಕ್ಕೆ ಇಂಜಿನಿಯರುಗಳಿದ್ದರು, ಜನರೇಟರ್ ಇತ್ತು. ಸ್ಟುಡಿಯೋ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಕೇಳಿದ್ದನ್ನು ಮತ್ತೆ ಹೇಳುವುದಷ್ಟೇ ಅದರ ಕೆಲಸ.

ಇದರ ವಿಚಿತ್ರವನ್ನು ನಮ್ಮ ಜಿಲ್ಲೆಯವರಷ್ಟು ಬೇರೆ ಯಾರೂ ಕಂಡಿರಲಾರರು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸಿದ್ದು ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಆ ಬೀದಿ, ಆ ಮಳೆ, ಆ ಜಗಲಿ ದೆಹಲಿಗೆ ಹೋಗಿ, ಆಕಾಶಕ್ಕೇರಿ, ನಮ್ಮೂರಿಗೇ ಇಳಿದು ಬಂದಾಗ ಹಿಂದಿ ಮಾತಾಡುತ್ತಿದ್ದವು!

ನಮ್ಮ ಓಣಿಯ ಜನ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ದೇಶವಿಭಜನೆಯ ಕಥೆಯ 'ಬುನಿಯಾದ್' ಬರುವಾಗ ಅದರ ಮಾತು ನನ್ನ ದಾದಿಗೆ ಮನೆಮಾತಿನಷ್ಟೇ ಸಲೀಸು. ಪಕ್ಕದ ಮನೆಯ ಕನ್ನಡದ ಅಜ್ಜಿಗೆ ಅದು ಕಗ್ಗ. ದಾದಿ ತಮ್ಮ ಹರಕುಮುರುಕು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. 1987ರಲ್ಲಿ 'ರಾಮಾಯಣ' ಶುರುವಾದಾಗ ಪಾತ್ರ ತಿರುಗಿತು. 'ಪಿತಾಶ್ರೀ', 'ಆಜ್ಞಾ', 'ವಚನ' ಎಂಬ ಸಂಸ್ಕೃತದ ಮಾತುಗಳು ದಾದಿಗೆ ತೊಡಕು, ಆ ಅಜ್ಜಿಗೆ ನಿತ್ಯದ ಪರಿಚಯ. ಈಗ ಅವರು ಹೇಳುವುದು, ದಾದಿ ಕೇಳುವುದು. ಟಿ.ವಿ.ಯಲ್ಲಿ ನಮ್ಮೂರಿನದ್ದೇನೂ ಇರಲಿಲ್ಲ. ಇದ್ದದ್ದು ಟಿ.ವಿ.ಯ ಮುಂದೆ ಕೂತವರ ನಡುವೆ.

ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬಲ್ಲಿ ಇಸ್ರೋ 1975ರಿಂದ ಒಂದು ಕಿಲೋವ್ಯಾಟಿನ ಟಿ.ವಿ. ಕೇಂದ್ರ ನಡೆಸಿತು. ಸುಮಾರು 400 ಹಳ್ಳಿಗಳ ಸಮುದಾಯ ಟಿ.ವಿ.ಗಳಿಗೆ ಅಲ್ಲಿಯದೇ ನುಡಿಯಲ್ಲಿ ಕೂಲಿ, ಅಸ್ಪೃಶ್ಯತೆ, ಹೆಣ್ಣಿನ ಸಂಕಟಗಳ ಕುರಿತ ಕಾರ್ಯಕ್ರಮ ಬರುತ್ತಿತ್ತು. ಯುನೆಸ್ಕೋ ಪ್ರಶಸ್ತಿಯೂ ದೊರೆಯಿತು. 1985ರಲ್ಲಿ ಅದನ್ನು ಮುಚ್ಚಿದಾಗ ಜನ ಪ್ರತಿಭಟಿಸಿದರು. ಪಿ.ಸಿ. ಜೋಷಿ ಸಮಿತಿಯೂ ಆ ದಿನಗಳಲ್ಲೇ, ಯಂತ್ರಗಳು ಹರಡಿದ ವೇಗಕ್ಕೆ ತಕ್ಕ ಕಾರ್ಯಕ್ರಮಗಳಿಲ್ಲ, ಎಲ್ಲವೂ ದೆಹಲಿಯ ಸುತ್ತ ತಿರುಗುತ್ತಿದೆ ಎಂದು ಎಚ್ಚರಿಸಿತ್ತು. ಕೇಳುವವರಿರಲಿಲ್ಲ.

ಇದರ ಬೆಲೆ ಏನೆಂದು 1994ರ ಅಕ್ಟೋಬರ್‌ನಲ್ಲಿ ತಿಳಿಯಿತು. ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ಕನ್ನಡದ ಸಮಯವನ್ನು ಕಸಿದರೆಂಬ ಅಸಮಾಧಾನ ಬೀದಿಗಿಳಿದು ಗಲಭೆಯಾಯಿತು. 20ಕ್ಕೂ ಹೆಚ್ಚು ಜನ ಸತ್ತರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಬೆಳಿಗ್ಗೆ ಉರ್ದು ಪತ್ರಿಕೆ, ಸಂಜೆ ಕನ್ನಡ ಪತ್ರಿಕೆ ಓದುವ ಹುಡುಗ. ನನ್ನ ಎರಡು ನಾಲಿಗೆಗಳ ನಡುವೆ ಹೆಣಗಳು ಬಿದ್ದವೆನಿಸಿತು. ಕೊಂದವರ ಹೊಣೆ ಕೊಂದವರದೇ. ಅದನ್ನು ಯಂತ್ರದ ಮೇಲೆ ಹಾಕಲಾಗದು. ಆದರೂ ಕೇಳಬೇಕಾದ ಮಾತೊಂದಿದೆ. ವರ್ಷಗಟ್ಟಲೆ ಹಿಂದಿಯನ್ನೇ ಕೇಳಿಸಿಕೊಂಡ ಊರುಗಳಲ್ಲಿ, ಕನ್ನಡಕ್ಕೇ ಜಾಗ ಸಾಲದ ಪರದೆಯ ಮೇಲೆ, ನೆರೆಮನೆಯ ಉರ್ದು ಪ್ರತಿಸ್ಪರ್ಧಿಯಾಗಿ ಕಂಡದ್ದು ಹೇಗೆ? ಜಾಗ ಹಂಚುವ ಅಧಿಕಾರ ಆ ಓಣಿಗಳಿಗೆ ಇದ್ದಿದ್ದರೆ ನಮ್ಮ ದಾದಿ ಮತ್ತು ಆ ಅಜ್ಜಿ ಹತ್ತು ನಿಮಿಷಕ್ಕಾಗಿ ಜಗಳವಾಡುತ್ತಿದ್ದರೇ?

ಆಮೇಲೆ ಕೇಬಲ್ ಬಂತು, ಡಿಶ್ ಬಂತು. ದೂರದರ್ಶನ ತನ್ನ ಹಳೆಯ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಮುಚ್ಚುತ್ತ ಬಂದು, ಗಡಿ ಮುಂತಾದ ಆಯಕಟ್ಟಿನ ಜಾಗಗಳ ಸುಮಾರು 50ನ್ನು ಮಾತ್ರ ಉಳಿಸಿಕೊಂಡು, ಮಿಕ್ಕವನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ನಮ್ಮ ಓಣಿಯಲ್ಲಿ ಯಾರೂ ಪ್ರತಿಭಟಿಸಲಿಲ್ಲ. ಪಿಜ್‌ನಲ್ಲಿ ಜನ ಬೀದಿಗಿಳಿದದ್ದು ಅದು ತಮ್ಮದೆಂಬ ಭಾವನೆಯಿಂದ. ನಮ್ಮದು ಎಂದಾದರೂ ನಮ್ಮದಾಗಿತ್ತೇ?

2006ರ ನೀತಿಯ ನಂತರ ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದಾಯಿತು. ಅದಕ್ಕೆ ಕೊಟ್ಟ ಮಿತಿಯೂ ಅದೇ 100 ವ್ಯಾಟ್. ಊರಿನ ದನಿಗೆ ಅಷ್ಟು ಸಾಕೆಂದು ತಿಳಿಯಲು ನಮಗೆ ಇಷ್ಟು ವರ್ಷ ಬೇಕಾಯಿತು. ಈಗ ಪ್ರತಿಯೊಬ್ಬರ ಅಂಗೈಯಲ್ಲೂ ಒಂದು ಪರದೆ ಇದೆ. ಪ್ರತಿಯೊಬ್ಬರಿಗೂ ತಮ್ಮ ಭಾಷೆಯ, ತಮ್ಮ ಇಷ್ಟದ ಮಾತೇ ಸಿಗುತ್ತದೆ. ಆದರೆ ಅರ್ಥವಾಗದ ಮಾತು ಬಂದಾಗ ಪಕ್ಕಕ್ಕೆ ತಿರುಗಿ "ಏನಂದರು?" ಎಂದು ಕೇಳಲು, ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ.