ಮಂಚನಬೆಲೆಯ ಸುತ್ತ ಒಂದು ವ್ಯಾನ್ ಪ್ರದಕ್ಷಿಣೆ

ನಮ್ಮ ಸೀಮೆಯಲ್ಲಿ ಹಿಮ ಕರಗಿ ತುಂಬುವ ಸರೋವರಗಳಿಲ್ಲ. ಬೆಟ್ಟಗಳ ನಡುವೆ ನೀರು ಕಂಡರೆ ಯಾರೋ ಅಲ್ಲಿ ಕಟ್ಟೆ ಕಟ್ಟಿದ್ದಾರೆಂದೇ ಅರ್ಥ. ಮಾಗಡಿ ತಾಲ್ಲೂಕಿನ ಮಂಚನಬೆಲೆಯೂ ಅಂಥದೇ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ತಿಪ್ಪಗೊಂಡನಹಳ್ಳಿಯನ್ನು ದಾಟಿ, ಸಾವನದುರ್ಗದ ಸಮೀಪದಲ್ಲಿ ಇಲ್ಲಿ ಮತ್ತೊಮ್ಮೆ ತಡೆದು ನಿಲ್ಲುತ್ತದೆ.

ಈಚೆಗೆ ಬಂಧುಗಳೊಡನೆ ವ್ಯಾನಿನಲ್ಲಿ ಈ ಸುತ್ತನ್ನು ಹಾಕಿ ಬಂದೆನು. ಮಾಗಡಿ ರಸ್ತೆಯಲ್ಲಿ ಹೊರಟು, ತಿಪ್ಪಗೊಂಡನಹಳ್ಳಿ, ಮಾಗಡಿ, ಸಾವನದುರ್ಗ, ಮಂಚನಬೆಲೆಗಳನ್ನು ನೋಡಿಕೊಂಡು ರಾಮನಗರದಲ್ಲಿ ಮುಗಿಯುವ ಒಂದು ದಿನದ ಪ್ರವಾಸವದು. ಮಾರ್ಗದರ್ಶಿಯಾಗಿದ್ದ ಹುಡುಗನು ಚುರುಕಿನವನು, ಮಾತುಗಾರ. ಆದರೆ ಅವನ ಇತಿಹಾಸವೆಲ್ಲ ರಾಮದೇವರ ಬೆಟ್ಟದಲ್ಲಿ 'ಶೋಲೆ'ಯ ಚಿತ್ರೀಕರಣ ನಡೆದ ೧೯೭೩ರಿಂದ ಆರಂಭವಾಗುತ್ತಿತ್ತು. ಸಾವನದುರ್ಗದ ಬಳಿ ಬಂದಾಗ ೧೯೮೪ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳ ವಿಚಾರ ಬಂದಿತು. ಕಾದಂಬರಿಕಾರ ಫಾರ್ಸ್ಟರನಿಗೆ ಪ್ರೇರಣೆಯಾದ ಗುಹೆಗಳು ಬಿಹಾರದ ಬರಾಬರ್ ಬೆಟ್ಟದಲ್ಲಿವೆ. ಇಲ್ಲಿದ್ದವು ಸಿನಿಮಾದವರು ಮಾಡಿಸಿದ ಬಾಯಿಗಳು ಮಾತ್ರ. ಇಲ್ಲದ ಗುಹೆಗೆ ಇಷ್ಟು ಮಾತು ಸಲ್ಲುವುದಾದರೆ ಇದ್ದ ಕೋಟೆಗೆ ಒಂದೆರಡು ಮಾತು ಸಲ್ಲಬೇಡವೆ?

೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಕೆಂಪೇಗೌಡರ ವಂಶಕ್ಕೆ ಆಸರೆಯಾದದ್ದು ಈ ಮಾಗಡಿ, ಈ ಸಾವನದುರ್ಗ. ೧೭೨೮ರಲ್ಲಿ ಮೈಸೂರಿನ ದಳವಾಯಿಯು ಇವೆರಡನ್ನೂ ವಶಪಡಿಸಿಕೊಂಡನು. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ನೆತ್ತಿಗಳ ಈ ದುರ್ಗವು ನಾಲ್ಕು ಸಾವಿರ ಅಡಿಗೂ ಮೀರಿದ ಎತ್ತರದ್ದು. ಸುತ್ತಲಿನ ಬಿದಿರುಕಾಡು ಜ್ವರಕ್ಕೆ ಹೆಸರಾಗಿತ್ತು. ಅಭೇದ್ಯವೆಂದೇ ನಂಬಿದ್ದ ಈ ದುರ್ಗವನ್ನು ೧೭೯೧ರ ಡಿಸೆಂಬರ್ ೨೧ರಂದು ಕಾರ್ನ್‌ವಾಲಿಸನ ಸೈನ್ಯವು ಹಿಡಿಯಿತು. ಆ ಯುದ್ಧದಲ್ಲಿ ಸೈನ್ಯದ ಬೆನ್ನಿಗೇ ಚಿತ್ರಕಾರರೂ ಇದ್ದರು. ರಾಬರ್ಟ್ ಹೋಮ್ ಎಂಬಾತನು ಬರೆದ ಮೈಸೂರು ಸೀಮೆಯ ನೋಟಗಳು ೧೭೯೪ರಲ್ಲಿ ಪುಸ್ತಕವಾಗಿ ಅಚ್ಚಾದವು. ನಾವು ವ್ಯಾನ್ ನಿಲ್ಲಿಸಿ ಫೋಟೋ ತೆಗೆದುಕೊಂಡೆವಲ್ಲ, ಆ ಬಂಡೆಯ 'ನೋಟ'ವು ಹೀಗೆ ಫಿರಂಗಿಯ ಹಿಂದೆ ಹುಟ್ಟಿದ್ದು.

ಕೋಟೆಯ ಮಾತು ಪುಸ್ತಕಗಳಲ್ಲಾದರೂ ಉಳಿದಿದೆ. ನೀರಿನ ಮಾತನ್ನು ಕೇಳುವವರೇ ಕಡಿಮೆ. ಬೆಂಗಳೂರಿಗೆ ಮೊದಲು ಕೊಳವೆಯಲ್ಲಿ ನೀರು ಹೋದದ್ದು ಕಾವೇರಿಯಿಂದಲ್ಲ, ಇದೇ ಅರ್ಕಾವತಿಯಿಂದ. ೧೮೯೦ರ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದ ಯೋಜನೆ ಬಂದಿತು. ಅದು ಸಾಲದಾದಾಗ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಅರ್ಕಾವತಿ-ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಕಟ್ಟೆ ಎದ್ದಿತು. ೧೯೩೩ರಲ್ಲಿ ಪೂರ್ಣಗೊಂಡ ಅದಕ್ಕೆ ಚಾಮರಾಜಸಾಗರವೆಂದು ಹೆಸರು. ೧೯೭೪ರಲ್ಲಿ ಕಾವೇರಿಯ ನೀರು ಬರುವವರೆಗೂ ರಾಜಧಾನಿಯ ಬಾಯಾರಿಕೆಯನ್ನು ತಣಿಸಿದ್ದು ಮುಖ್ಯವಾಗಿ ಈ ಸಣ್ಣ ನದಿಯೇ.

ಅನಂತರ ಆದದ್ದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ನದಿಯ ಮೇಲ್ಭಾಗದಲ್ಲಿ ನೀಲಗಿರಿ ತೋಪುಗಳು ಬಂದವು, ಕೊಳವೆಬಾವಿಗಳು ಆಳಕ್ಕಿಳಿದವು, ಹೊಲಗಳು ಬಡಾವಣೆಗಳಾದವು, ಕಾರ್ಖಾನೆಗಳ ಕೊಳೆಯೂ ಸೇರಿತು. ೨೦೧೨ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಹೋಗುವುದೇ ನಿಂತಿತು. ಎಂಬತ್ತು ವರ್ಷ ನೀರುಣಿಸಿದ ನದಿಗೆ ನಗರವು ಮರಳಿ ಕೊಟ್ಟದ್ದು ವೃಷಭಾವತಿಯನ್ನು. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬೈರಮಂಗಲದ ಮೇಲೆ ಬರುವ ಆ ಹೊಳೆಯು ಕೆಳಗೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಸಂಗಮದಲ್ಲಿ ಎರಡೂ ಕಾವೇರಿಗೆ ಸೇರುತ್ತವೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮರೆಮಾಚುವುದಿಲ್ಲ.

ಮಂಚನಬೆಲೆಯಲ್ಲಿ ನೀರಿನ ಹತ್ತಿರಕ್ಕೆ ಹೋಗಬೇಡಿರೆಂದು ಮಾರ್ಗದರ್ಶಿ ಎಚ್ಚರಿಸಿದನು. ಅದು ಸರಿಯಾದ ಮಾತು; ಈಜಲು ಇಳಿದು ಪ್ರಾಣ ಕಳೆದುಕೊಂಡವರು ಅಲ್ಲಿ ಬಹಳ ಮಂದಿ. ದೂರದಿಂದಲೇ ನೋಡುತ್ತ ನಿಂತಿದ್ದಾಗ ನನ್ನ ತಮ್ಮನ ಮೊಮ್ಮಗಳು, "ತಾತ, ನಮ್ಮನೆ ನಲ್ಲಿಗೆ ಬರೋದು ಈ ನೀರೇನಾ?" ಎಂದು ಕೇಳಿದಳು. ಅಲ್ಲಮ್ಮ, ಅದು ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಪಂಪಿನಿಂದ ಮೇಲಕ್ಕೆತ್ತಿಸಿಕೊಂಡು ಸುಮಾರು ನೂರು ಕಿಲೋಮೀಟರ್ ದೂರ ಬರುತ್ತದೆ ಎಂದೆನು. "ಹಾಗಾದರೆ ಹತ್ತಿರ ಇರೋ ಇದನ್ನ ಯಾಕೆ ಬಿಟ್ಟರು?" ಎಂದಳು. ವ್ಯಾನಿನಲ್ಲಿ ರಾಮನಗರ ಮುಟ್ಟುವವರೆಗೂ ಅವಳಿಗೆ ಅದನ್ನೇ ಹೇಳಿಕೊಂಡು ಬಂದೆನು. ಮಾರ್ಗದರ್ಶಿಯೂ ಹಿಂದಕ್ಕೆ ತಿರುಗಿ ಕುಳಿತು ಕೇಳಿದನು.