ನಗರದ ದಂಗೆ ಮತ್ತು 1833ರ ವರದಿ: ತೀರ್ಪಿನ ಅನಂತರದ ವಿಚಾರಣೆ

ಹಾಕರ್, ಮಾರಿಸನ್, ಮ್ಯಾಕ್ಲೌಡ್ ಮತ್ತು ಕಬ್ಬನ್ ಎಂಬ ನಾಲ್ವರು ಬ್ರಿಟಿಷ್ ಅಧಿಕಾರಿಗಳ ಸಮಿತಿಯೊಂದು ಮೈಸೂರು ಸಂಸ್ಥಾನದ ದಂಗೆಯನ್ನು ಕುರಿತ ತನ್ನ ವರದಿಯನ್ನು 1833ರ ಡಿಸೆಂಬರ್‌ನಲ್ಲಿ ಸಲ್ಲಿಸಿತು. ದಂಗೆಯ ಮೂಲ, ಬೆಳವಣಿಗೆ ಮತ್ತು ಶಮನಗಳನ್ನು ವಿಚಾರಿಸುವುದು ಅದರ ಹೊಣೆಯಾಗಿತ್ತು. ಆದರೆ ಈ ವರದಿ ಕೈಸೇರುವುದಕ್ಕೆ ಎರಡು ವರ್ಷ ಮೊದಲೇ, 1831ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಾಗಿತ್ತು. ಶಿಕ್ಷೆ ಮೊದಲು, ವಿಚಾರಣೆ ಅನಂತರ. ಇಂತಹ ವರದಿಯನ್ನು ಇತಿಹಾಸದ ವಿದ್ಯಾರ್ಥಿ ಆಕರವಾಗಿ ಸ್ವೀಕರಿಸಬಹುದೇ, ಅಥವಾ ಗೆದ್ದವರ ಸಮರ್ಥನಾಪತ್ರವೆಂದು ತಳ್ಳಿಹಾಕಬೇಕೇ?

ಘಟನೆಗಳ ಕ್ರಮ ಸ್ಪಷ್ಟವಾಗಿದೆ. 1830ರ ಆಗಸ್ಟ್‌ನಲ್ಲಿ ನಗರ ಪ್ರಾಂತದ ರೈತರು ಆನಂದಪುರದ ಬಳಿಯ ಹೊಸಂತೆಯಲ್ಲಿ ಕೂಟ ಸೇರಿದರು. ಕಂದಾಯದ ಒತ್ತಡ ಹಾಗೂ ಸ್ಥಳೀಯ ಅಧಿಕಾರಿಗಳ ಸುಲಿಗೆ ಅವರ ದೂರಿನ ಸಾರ. ಕೆಳದಿ ಸಂಸ್ಥಾನದ ಉತ್ತರಾಧಿಕಾರಿ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪ ಈ ಅಸಮಾಧಾನಕ್ಕೆ ರಾಜಕೀಯ ರೂಪ ಕೊಟ್ಟ. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕನೂ ಕೈಗೂಡಿಸಿದ. ಅರಸನ ಸೇನೆಯಿಂದ ದಂಗೆಯನ್ನು ಅಡಗಿಸಲಾಗದೆ ಕಂಪನಿಯ ಪಡೆಗಳು ಬಂದವು. 1831ರ ಜೂನ್‌ನಲ್ಲಿ ನಗರದ ಕೋಟೆ ಅವುಗಳ ವಶವಾಯಿತು. ಸೆಪ್ಟೆಂಬರ್‌ನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ದುರಾಡಳಿತದ ಆರೋಪ ಹೊರಿಸಿ ಅರಸನಿಗೆ ಪತ್ರ ಬರೆದ. ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರವಾಯಿತು.

ಈ ಕ್ರಮಕ್ಕೆ ಆಧಾರವಾಗಿ ತೋರಿಸಿದ್ದು 1799ರ ಸಹಾಯಕ ಸೈನ್ಯದ ಒಪ್ಪಂದವನ್ನು. ಆ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳ ಪೊಗದಿ ಸಲ್ಲಿಸಬೇಕಿತ್ತು. ಪೊಗದಿಯ ಸಂದಾಯಕ್ಕೆ ಕುಂದು ಬರುವ ಭೀತಿಯಿದ್ದಲ್ಲಿ, ಅದಕ್ಕೆ ಬೇಕಾದಷ್ಟು ಸೀಮೆಯನ್ನು ಕಂಪನಿ ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದಿತ್ತು. ಇಲ್ಲಿ ಸೀಮೆಯ ಒಂದು ಭಾಗವನ್ನಲ್ಲ, ಇಡೀ ರಾಜ್ಯವನ್ನೇ ತೆಗೆದುಕೊಳ್ಳಲಾಯಿತು. ಹೇಳಿದ ಕಾರಣ ದುರಾಡಳಿತ. ಹಿಡಿದ ಆಧಾರ ಪೊಗದಿಯ ಷರತ್ತು. ಇವೆರಡರ ನಡುವಿನ ಅಂತರವೇ ಸಮಿತಿಯ ವರದಿಯ ಮೇಲೆ ಬೀಳುವ ನೆರಳು.

ಪಕ್ಷಪಾತದ ಶಂಕೆಗೆ ಇನ್ನೂ ಎರಡು ಕಾರಣಗಳಿವೆ. ಸಮಿತಿಯನ್ನು ನೇಮಿಸಿದ ಸರ್ಕಾರವೇ ದಂಗೆಯನ್ನು ಅಡಗಿಸಿದ ಹಾಗೂ ದಂಗೆಯಿಂದ ರಾಜ್ಯವನ್ನು ಪಡೆದ ಪಕ್ಷವಾಗಿತ್ತು. ಮೇಲಾಗಿ, ಮಾರಿಸನ್ ಮೈಸೂರಿನ ಹಿರಿಯ ಕಮಿಷನರ್ ಆದ. 1834ರಲ್ಲಿ ಅವನ ಅನಂತರ ಮಾರ್ಕ್ ಕಬ್ಬನ್ ಏಕೈಕ ಕಮಿಷನರ್ ಆಗಿ 1861ರವರೆಗೆ ಆಳಿದ. ಅರಸನ ಆಡಳಿತವನ್ನು ವಿಚಾರಿಸಿದವರೇ ಅರಸನ ಸ್ಥಾನದಲ್ಲಿ ಕುಳಿತರು. ಇದರಿಂದ ಅವರು ಸುಳ್ಳು ಬರೆದರೆಂದು ಸಿದ್ಧವಾಗುವುದಿಲ್ಲ. ಅವರ ಮಾತಿಗೆ ಹೊರಗಿನ ಪುಷ್ಟಿ ಬೇಕೆಂಬುದು ಮಾತ್ರ ಸಿದ್ಧವಾಗುತ್ತದೆ.

ಆ ಪುಷ್ಟಿ ಒಂದು ವಿಷಯದಲ್ಲಿ ದೊರೆಯುತ್ತದೆ. ಅರಸನ ಕಾಲದ ಕಂದಾಯ ವ್ಯವಸ್ಥೆಯ ದೋಷಗಳಲ್ಲಿ ಮುಖ್ಯವಾದುದು ಶರತ್ತು ಪದ್ಧತಿ. ಇಷ್ಟು ಮೊತ್ತವನ್ನು ವಸೂಲು ಮಾಡಿಯೇ ತೀರುವೆನೆಂದು, ಕೊರತೆ ಬಿದ್ದರೆ ತಾನೇ ತುಂಬಿಕೊಡುವೆನೆಂದು ಅಮಲ್ದಾರ ಒಪ್ಪಿಕೊಳ್ಳುತ್ತಿದ್ದ. ಆ ಭಾರವೆಲ್ಲ ಕೊನೆಗೆ ರೈತನ ಮೇಲೆ ಇಳಿಯುತ್ತಿತ್ತು. ಇದು ಕಂಪನಿ ಕಟ್ಟಿದ ಕಥೆಯಲ್ಲ. ಹೊಸಂತೆಯ ಕೂಟ ಸೇರಿದ್ದು ರಾಜ್ಯಾಪಹಾರಕ್ಕೆ ಒಂದು ವರ್ಷ ಮೊದಲು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1825ರಲ್ಲೇ ಮೈಸೂರಿಗೆ ಬಂದು, ಹಣಕಾಸಿನ ಅವ್ಯವಸ್ಥೆಯ ಬಗ್ಗೆ ಅರಸನನ್ನು ಎಚ್ಚರಿಸಿದ್ದ. ಲಾಭದ ಆಸೆ ಹುಟ್ಟುವ ಮೊದಲೇ ಇದ್ದ ಸಾಕ್ಷ್ಯವನ್ನು ಆ ಆಸೆಯ ಸೃಷ್ಟಿಯೆನ್ನಲಾಗದು. ವರದಿಯನ್ನು ಪೂರ್ತಿಯಾಗಿ ತಳ್ಳಿಹಾಕಿದರೆ ಕಂಪನಿಯ ಮಾತಿನ ಜೊತೆಗೆ ನಗರದ ರೈತನ ಮಾತೂ ಕಳೆದುಹೋಗುತ್ತದೆ.

ಹಾಗಾದರೆ ಪಕ್ಷಪಾತ ನೆಲೆಸಿದ್ದೆಲ್ಲಿ? ಉತ್ತರಗಳಲ್ಲಿ ಎನ್ನುವುದಕ್ಕಿಂತ ಪ್ರಶ್ನೆಗಳ ಆಯ್ಕೆಯಲ್ಲಿ ಎನ್ನಬೇಕು. ರೈತರು ಏಕೆ ದಂಗೆಯೆದ್ದರೆಂಬುದು ಸಮಿತಿಯ ಮುಂದಿನ ಪ್ರಶ್ನೆ. ಒಂದು ಪ್ರಾಂತದ ದಂಗೆಗೆ ಇಡೀ ರಾಜ್ಯದ ಅಪಹಾರ ನ್ಯಾಯವೇ, ಒಪ್ಪಂದ ಅದಕ್ಕೆ ಎಡೆಕೊಡುತ್ತದೆಯೇ ಎಂಬುದನ್ನು ಅದರ ಮುಂದೆ ಇಟ್ಟಿರಲಿಲ್ಲ. ಇಡದ ಪ್ರಶ್ನೆಯನ್ನು ಎತ್ತಿದವನು ಸ್ವತಃ ಬೆಂಟಿಂಕ್. ವರದಿ ಕೈಸೇರಿದ ಮೇಲೆ, 1834ರಲ್ಲಿ, ಪೊಗದಿಗೆ ತಕ್ಷಣದ ಅಪಾಯವೇನೂ ಇದ್ದಂತೆ ಕಾಣುವುದಿಲ್ಲವೆಂದೂ, ತಾನು ಕೈಗೊಂಡ ಕ್ರಮದ ನ್ಯಾಯಬದ್ಧತೆಯ ಬಗ್ಗೆ ತನಗೇ ಸಂದೇಹವಿದೆಯೆಂದೂ ಅವನು ದಾಖಲಿಸಿದ. ರಾಜ್ಯದ ಒಂದು ಭಾಗವನ್ನು ಅರಸನಿಗೆ ಹಿಂದಿರುಗಿಸಬೇಕೆಂಬ ಅವನ ಸಲಹೆಯನ್ನು ಲಂಡನ್ನಿನ ನಿರ್ದೇಶಕ ಮಂಡಳಿ ಒಪ್ಪಲಿಲ್ಲ. ಸ್ವಹಿತಕ್ಕೆ ವಿರುದ್ಧವಾಗಿ ನುಡಿದ ಮಾತಾದ್ದರಿಂದ ಈ ದಾಖಲೆಗೆ ಹೆಚ್ಚಿನ ತೂಕವಿದೆ.

ಇದೇ ಒರೆಗಲ್ಲನ್ನು ಇನ್ನೊಂದು ಬದಿಗೂ ಹಿಡಿಯಬೇಕು. ಅದೇ ದಶಕದ ಕೊನೆಯಲ್ಲಿ ಜೈನ ಕವಿ ದೇವಚಂದ್ರನು ಮೈಸೂರು ರಾಜಮನೆತನದ ರಾಣಿಯೊಬ್ಬರ ಅಪೇಕ್ಷೆಯಂತೆ ‘ರಾಜಾವಳೀ ಕಥಾಸಾರ’ವನ್ನು ಸಿದ್ಧಪಡಿಸಿದ. ಅರಮನೆಯ ಆಶ್ರಯದ ಕೃತಿಯಲ್ಲಿ ಅರಮನೆಯ ವಿಷಯ ಬಂದೆಡೆ ಓದುಗ ಎಚ್ಚರದಿಂದಿರುತ್ತಾನೆ; ಹಾಗೆಂದು ಆ ಕೃತಿಯನ್ನು ಆಕರಗಳ ಸಾಲಿನಿಂದ ಹೊರಗಿಡುವುದಿಲ್ಲ. ಕಂಪನಿಯ ವರದಿಗೂ ಅದೇ ನ್ಯಾಯ ಸಲ್ಲಬೇಕು. ಅನೇಕಾಂತ ದೃಷ್ಟಿಯೆಂದರೆ ಎಲ್ಲರ ಮಾತೂ ಸಮಾನವಾಗಿ ನಿಜವೆಂಬುದಲ್ಲ. ಪ್ರತಿಯೊಂದು ಮಾತೂ ಯಾವ ನೆಲೆಯಿಂದ, ಎಷ್ಟರಮಟ್ಟಿಗೆ ನಿಜವೆಂದು ಗುರುತಿಸುವುದು.

ಮೈಸೂರು ಮತ್ತೆ ಒಡೆಯರ ಕೈಗೆ ಬಂದದ್ದು 1881ರಲ್ಲಿ. ಮುಮ್ಮಡಿಯವರು 1868ರಲ್ಲೇ ತೀರಿಕೊಂಡಿದ್ದರು. ಅಧಿಕಾರ ವಹಿಸಿಕೊಂಡವರು ದತ್ತುಪುತ್ರ ಚಾಮರಾಜೇಂದ್ರ ಒಡೆಯರು. ರೈತರ ದೂರಿನಲ್ಲಿ ನಿಜವಿತ್ತು. ಆ ನಿಜವನ್ನು ಮುಂದೊಡ್ಡಿ ಐವತ್ತು ವರ್ಷ ನಡೆಸಿದ ಆಳ್ವಿಕೆಗೆ ಅದರಿಂದ ನ್ಯಾಯಬದ್ಧತೆ ಒದಗಿತೆನ್ನುವುದು ಬೇರೆಯೇ ವಾದ. ಅದಕ್ಕೆ 1833ರ ವರದಿ ಸಾಕ್ಷಿಯಾಗಲಾರದು.